ಖರ್ಜದ ಪೆಟ್ಟಿಗೆ

ಇಳಕಲ್
14 ನವೆಂಬರ್ 1955

ಉಸ್ತಾದ್ ಮೀರಾಸಾಬರಿಗೆ ಜಯತೀರ್ಥನ ನಮಸ್ಕಾರಗಳು.

ಇಲ್ಲಿಗೆ ಬಂದು ಎಂಟು ದಿನವಾಯಿತು. ಊರಿನಿಂದ ಎರಡು ಮೈಲಿ ಆಚೆಗೆ ಕಲ್ಲಿನ ಕ್ವಾರಿ. ನಿಮ್ಮ ಅಂಗಡಿಯಲ್ಲಿ ನಾಲ್ಕು ವರ್ಷ ಮದುವೆ, ಉರುಸು, ಭಾಷಣಗಳಿಗೆ ಮೈಕಿನ ತಗಡಿನ ಬೋಂಗಾ ಕಟ್ಟಿ ಕಲಿತ ವಿದ್ಯೆಯೆಲ್ಲ ಇಲ್ಲಿ ಒಂದೇ ಒಂದು ಮಾತು ಹೇಳುವುದಕ್ಕೆ ಖರ್ಚಾಗುತ್ತಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಬಂಡೆಗೆ ಮದ್ದು ತುಂಬುತ್ತಾರೆ. ಬತ್ತಿಗೆ ಬೆಂಕಿ ಹಚ್ಚುವ ಮೊದಲು ಕೆಳಗಿನ ಗುಂಡಿಯಲ್ಲಿ ಕೆಲಸ ಮಾಡುವ ಕಲ್ಲುಕುಟಿಗರು ಮೇಲೆ ಬರಬೇಕು. ನಾನು ಮೈಕಿನಲ್ಲಿ ಮೂರು ಸಲ "ಎಲ್ಲಾರೂ ಮ್ಯಾಲ ಬರ್ರಿ" ಎಂದು ಕೂಗಬೇಕು. ಇಷ್ಟೇ ನೌಕರಿ. ನಮ್ಮ ಅವ್ವ ಕೇಳಿದರೆ ಸಾಲಿ ಮಾಸ್ತರಿಕೆಯೇ ಇದಕ್ಕಿಂತ ವಾಸಿ ಅನ್ನುತ್ತಾಳೆ, ದಯವಿಟ್ಟು ಹೇಳಬೇಡಿ.

ಇಲ್ಲಿಯವರೆಗೆ ಕೂಲಿಗಳ ಮೇಸ್ತ್ರಿಯಾದ ಮುಕಾದಮ ತಾನೇ ಗುಂಡಿಗೆ ಇಳಿದು, ಒಬ್ಬೊಬ್ಬನ ಹೆಗಲು ಮುಟ್ಟಿ ಎಬ್ಬಿಸಿಕೊಂಡು ಬರುತ್ತಿದ್ದನಂತೆ. ಅದಕ್ಕೆ ಅರ್ಧ ತಾಸು ಹೋಗುತ್ತದೆಂದು ಮಾಲೀಕರು ಬ್ಯಾಟರಿಯ ಮೇಲೆ ನಡೆಯುವ ಆಂಪ್ಲಿಫೈಯರು, ಒಂದು ಬೋಂಗಾ ತರಿಸಿದ್ದಾರೆ. ಮೈಕು ಹಿಡಿದ ಕೂಡಲೇ ಕೀಂ ಎಂದು ಕಿರುಚುತ್ತದೆ. ಮಧ್ಯಾಹ್ನದ ಹೊತ್ತಿಗೆ ದನಿ ಸೊರಗುತ್ತದೆ. ಬೋಂಗಾವನ್ನು ಎಲ್ಲಿ ಕಟ್ಟಲಿ, ತಿಳಿಸಿರಿ.

ನಿಮ್ಮ ಶಿಷ್ಯ
ಜಯತೀರ್ಥ


ಬಾಗಲಕೋಟೆ
19 ನವೆಂಬರ್ 1955

ಜಯತೀರ್ಥಾ,

ನಾಲ್ಕು ವರ್ಷ ನನ್ನ ಚಹಾ ಕುಡಿದು ಇನ್ನೂ ಮೈಕು ಕಿರುಚುತ್ತದೆ ಎಂದು ಬರೆಯುತ್ತೀಯಲ್ಲ, ನಾಚಿಕೆ ಇಲ್ಲವೇನು? ಬೋಂಗಾದ ಬಾಯಿಯ ಮುಂದೆ ಮೈಕು ಹಿಡಿದರೆ ಅದು ತನ್ನ ದನಿಯನ್ನೇ ತಾನು ನುಂಗಿ ಕಿರುಚದೆ ಏನು ಮಾಡೀತು! ಬೋಂಗಾ ಮುಂದಿರಲಿ, ನೀನು ಅದರ ಬೆನ್ನ ಹಿಂದೆ ನಿಲ್ಲು. ಬ್ಯಾಟರಿಯಿಂದ ಮಶೀನಿಗೆ ಹೋಗುವ ವಾಯರು ದಪ್ಪ ಇರಲಿ, ಉದ್ದ ಕಡಿಮೆ ಇರಲಿ. ದನಿ ಸೊರಗುವುದು ಅಲ್ಲೇ. ಮಶೀನಿನ ಹಿಂದೆ ಎಷ್ಟು ಓಮ್ಸ್ ಎಂದು ಬರೆದಿದೆಯೋ ಬೋಂಗಾದ ಮೇಲೂ ಅಷ್ಟೇ ಇದೆಯೋ ನೋಡಿ ಜೋಡಿಸು. ಜೋಡಿಸದೆ ಬರೀ ಮಶೀನನ್ನು ಚಾಲು ಮಾಡಿದೆಯೋ, ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟು ಹೋಗುತ್ತದೆ.

ಇನ್ನು ಜಾಗದ ಮಾತು. ಕಂಬದ ಮೇಲೆ ಕಟ್ಟಿ ಗುಂಡಿಯ ಕಡೆಗೆ ಸ್ವಲ್ಪ ಬಾಗಿಸು. ಬೋಂಗಾದಲ್ಲಿ ದನಿಯ ಹೊಟ್ಟೆ ಉಳಿಯುವುದಿಲ್ಲ, ಗಂಟಲಷ್ಟೇ ಉಳಿಯುತ್ತದೆ. ಆದರೆ ಆ ಗಂಟಲು ಮೈಲಿಗಟ್ಟಲೆ ಹೋಗುತ್ತದೆ. ಬಾದಾಮಿಯ ಹೊಂಡದ ಈ ದಂಡೆಯಲ್ಲಿ ನಾನು ಕಟ್ಟಿದ ಬೋಂಗಾ ಆ ದಂಡೆಯ ಬಂಡೆಯ ಕೆಳಗೆ ಕೂತವರಿಗೆ ಅಕ್ಷರ ಅಕ್ಷರ ಕೇಳಿಸಿದೆ. ಗುಂಡಿಗೆ ಇಳಿದು ಹೆಗಲು ಮುಟ್ಟುವ ಕೆಲಸ ಇನ್ನು ಬೇಕಿಲ್ಲ, ಮೀರಾಸಾಬನೇ ಹೇಳಿದ್ದಾನೆ ಅಂತ ನಿನ್ನ ಮಾಲೀಕನಿಗೆ ಹೇಳು. ನಮ್ಮ ಮನೆಯಾಕೆ ದಸ್ತಗೀರಬಿ ನಿನ್ನ ಊಟದ ಬಗ್ಗೆ ಕೇಳುತ್ತಾಳೆ. ಅದನ್ನೂ ಬರೆ.

ಮೀರಾಸಾಬ


ಇಳಕಲ್
9 ಜನವರಿ 1956

ಉಸ್ತಾದರೇ,

ಹೇಗೆ ಬರೆಯಲಿ ತಿಳಿಯದೆ ಮೂರು ದಿನದಿಂದ ಈ ಪತ್ರವನ್ನು ಬರೆದು ಬರೆದು ಹರಿದೆ. ಶುಕ್ರವಾರ ಮದ್ದು ಹಾರಿದಾಗ ಕಲ್ಲಪ್ಪ ಎಂಬ ಕಲ್ಲುಕುಟಿಗ ಗುಂಡಿಯಲ್ಲೇ ಇದ್ದ. ಇಪ್ಪತ್ತಾರು ವರ್ಷದಿಂದ ಕಲ್ಲು ಒಡೆಯುತ್ತಿದ್ದವನು.

ನಾನು ಮೂರು ಸಲ ಕೂಗಿದೆ. ಎಲ್ಲರೂ ಬಂದರು. ಅವನು ಒಂದು ದೊಡ್ಡ ಬಂಡೆಯ ಹಿಂದೆ ಕೂತು ಉಳಿ ಹೊಡೆಯುತ್ತಿದ್ದನಂತೆ, ಯಾರಿಗೂ ಕಂಡಿಲ್ಲ. ನೀವು ಹೇಳಿದಿರೆಂದು ಮುಕಾದಮನೂ ಇಳಿದು ನೋಡುವುದನ್ನು ಬಿಟ್ಟಿದ್ದ. ಬತ್ತಿ ಹಚ್ಚಿಯಾಗಿತ್ತು. ಕಲ್ಲಪ್ಪನ ಹೆಂಡತಿ ಹನಮವ್ವ ರೊಟ್ಟಿಗಂಟು ತಂದು ಮೇಲೆ ಕೂತಿದ್ದಳು. ಎದ್ದು ನಿಂತು, "ನಮ್ಮನಿಯವರು ಬರಲಿಲ್ಲಲ್ರಿ" ಎಂದಳು. ಯಾರ ಮನೆಯವರು, ಹೆಸರು ಹೇಳು ಎಂದು ಮುಕಾದಮ ಕೇಳಿದ. ಗಂಡನ ಹೆಸರು ಬಾಯಲ್ಲಿ ಹೇಗೆ ತಂದಾಳು? ಸೆರಗು ಹಿಡಿದು ಅತ್ತ ಇತ್ತ ನೋಡಿದಳು. ಎಲ್ಲರಿಗಿಂತ ಹಿರಿಯನಾದ ಅಮಾತೆಪ್ಪ ಅವಳ ಮುಖ ನೋಡಿ, ಕಲ್ಲಪ್ಪ ಎಂದ. ಆಗ ನಾನು ಮೈಕು ಹಿಡಿದು ಹೆಸರು ಕೂಗಿದೆ. ಇಳಕಲ್ಲಿನ ಬಜಾರಿನಲ್ಲಿ ಇದ್ದವರಿಗೂ ಆ ಕೂಗು ಕೇಳಿಸಿತಂತೆ.

ಮಣ್ಣು ಮಾಡಿ ಬಂದ ಮೇಲೆ ಅಮಾತೆಪ್ಪ ನನ್ನನ್ನು ಬದಿಗೆ ಕರೆದ. "ತಮ್ಮಾ, ನಿನ್ನ ಬೋಂಗಾ ನಮಗ ಹಳಬರಿಗೆ ಯಾರಿಗೂ ಕೇಳಸಂಗಿಲ್ಲ. ಮಂದಿ ಎದ್ದದ್ದು ನೋಡಿ ನಾವೂ ಏಳತೀವಿ" ಎಂದ. ಮೊದಲೇ ಏಕೆ ಹೇಳಲಿಲ್ಲ ಎಂದು ಕೈಸನ್ನೆಯಲ್ಲಿ ಕೇಳಿದೆ. ಕಿವುಡನನ್ನು ಕ್ವಾರಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ ಎಂದ. ಒಬ್ಬನ ಕಿವಿಯ ಸುದ್ದಿ ಇನ್ನೊಬ್ಬನಿಗೆ ಗೊತ್ತು, ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು.

ಉಸ್ತಾದರೇ, ನನಗೆ ಊಟ ಸೇರುತ್ತಿಲ್ಲ. ಇನ್ನೊಬ್ಬ ಹಾಗೆ ಉಳಿದರೆ ನಾನು ಬದುಕಲಾರೆ. ಅವರಿಗೆ ಕೇಳಿಸುವಂಥದ್ದು ಏನಾದರೂ ಇದೆಯೆ?

ಜಯತೀರ್ಥ


ಬಾಗಲಕೋಟೆ
27 ಜನವರಿ 1956

ಜಯತೀರ್ಥಾ,

ಉತ್ತರ ತಡವಾಯಿತು. ಕಾರಣ ಕೇಳಬೇಡ.

ಇದೆ. ಸುತ್ತಿಗೆಯ ಸಪ್ಪಳ ಕಿವಿಯೊಳಗಿನ ಸಣ್ಣ ದನಿಗಳನ್ನು ಮೊದಲು ತಿನ್ನುತ್ತದೆ. ಹಕ್ಕಿ ಹೋಗುತ್ತದೆ, ಬಳೆ ಹೋಗುತ್ತದೆ, ಆಮೇಲೆ ಮಾತಿನ ಅಕ್ಷರ ಹೋಗುತ್ತದೆ. ದಪ್ಪ ದನಿ ಕಟ್ಟಕಡೆಗೆ ಹೋಗುತ್ತದೆ. ಅವರಿಗೆ ಬೇಕಾದದ್ದು ಆ ದಪ್ಪ ದನಿ, ಖರ್ಜ. ಬೋಂಗಾದಿಂದ ಅದು ಹುಟ್ಟುವುದಿಲ್ಲ, ಪೆಟ್ಟಿಗೆ ಬೇಕು. ಹನ್ನೆರಡು ಇಂಚಿನ ಒಂದು ಸ್ಪೀಕರನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ.

ಬಡಿಗನ ಮುಂದೆ ಕೂತು ಮಾಡಿಸು. ಸಾಗುವಾನಿ, ಒಂದು ಇಂಚು ದಪ್ಪ. ಹಲಗೆಯನ್ನು ಬೆರಳಿನಿಂದ ಬಡಿದರೆ ಬಾರಿಸುವ ಹಲಗಿವಾದ್ಯದ ಹಾಗೆ ನುಡಿಯಬಾರದು, ಗೋಡೆಯ ಹಾಗೆ ಸುಮ್ಮನಿರಬೇಕು. ಮೊಳೆ ಬೇಡ, ಸ್ಕ್ರೂ ಮತ್ತು ಸರೇಸಿನ ಅಂಟು. ಮೊಳೆ ನಾಲ್ಕು ದಿನಕ್ಕೆ ಸಡಿಲಾಗಿ ಗರಗರ ಅನ್ನುತ್ತದೆ. ಎತ್ತರ ನಿನ್ನ ಸೊಂಟದವರೆಗೆ ಇರಲಿ. ಬೆನ್ನು ಪೂರ್ತಿ ಮುಚ್ಚು. ಸ್ಪೀಕರಿನ ಮುಂದಿನ ದನಿ ಹಿಂದಿನ ದನಿಯನ್ನು ಕೂಡಿದರೆ ಖರ್ಜ ಅಲ್ಲೇ ಸಾಯುತ್ತದೆ. ಒಳಗೆ ಮೂರೂ ಕಡೆ ಹಳೆಯ ಕೌದಿ ಹೊಡಿ, ಇಲ್ಲದಿದ್ದರೆ ಡಬ್ಬದೊಳಗೆ ಮಾತಾಡಿದ ಹಾಗಾಗುತ್ತದೆ. ಪೆಟ್ಟಿಗೆಯನ್ನು ಕಂಬಕ್ಕೆ ಕಟ್ಟಬೇಡ. ಗುಂಡಿಯ ಅಂಚಿನಲ್ಲಿ ಬರಿಯ ಬಂಡೆಯ ಮೇಲೆ ಇಡು. ಬೋಂಗಾದ ದನಿ ನೆಟ್ಟಗೆ ಹೋಗಿ ಬಂಡೆಗೆ ಬಡಿದು ನಿಲ್ಲುತ್ತದೆ. ಖರ್ಜ ಬಂಡೆಯನ್ನು ಸುತ್ತಿ ಹಿಂದಕ್ಕೂ ಹೋಗುತ್ತದೆ.

ಮಾತು ಬೇಡ. ಏಕತಾರಿಗೆ ತಂಬೂರಿಯ ಖರ್ಜದ ತಂತಿ ಏರಿಸಿ, ಸಡಿಲು ಬಿಟ್ಟು, ಮೈಕಿನ ಮುಂದೆ ಮೂರು ಸಲ ಮೀಟು. ಅವರಿಗೆ ಕಾಲಿನಿಂದಲೇ ಕೇಳಿಸೀತು.

ತಪ್ಪು ನಿನ್ನದಲ್ಲ.

ಮೀರಾಸಾಬ


ಇಳಕಲ್
26 ಫೆಬ್ರವರಿ 1956

ಉಸ್ತಾದರಿಗೆ ನಮಸ್ಕಾರಗಳು.

ಪೆಟ್ಟಿಗೆ ಆಯಿತು. ಕೌದಿಯನ್ನು ಹನಮವ್ವ ತಂದುಕೊಟ್ಟಳು. ಕಲ್ಲಪ್ಪ ಹಾಸಿಕೊಳ್ಳುತ್ತಿದ್ದದ್ದು. ಬೇಡವೆಂದು ಕೈ ಮುಗಿದೆ. ಮನೆಯಲ್ಲಿದ್ದರೆ ನೋಡಲಾಗುವುದಿಲ್ಲ, ಸುಡಲೂ ಆಗುವುದಿಲ್ಲ, ಇಲ್ಲಿ ನಾಲ್ಕು ಮಂದಿಯನ್ನಾದರೂ ಕಾಯಲಿ ಎಂದು ಪೆಟ್ಟಿಗೆಯ ಮೇಲೆ ಇಟ್ಟು ಹೋದಳು. ಅದನ್ನೇ ಕತ್ತರಿಸಿ ಒಳಗೆ ಹೊಡೆದೆ.

ಮೊದಲ ದಿನ ತಂತಿ ಮೀಟಿದಾಗ ನನ್ನ ಎದೆಯ ಗೂಡು ನಡುಗಿತು. ಕೆಳಗೆ ಅಮಾತೆಪ್ಪ ಸುತ್ತಿಗೆ ಕೆಳಗಿಟ್ಟು, ಅಂಗೈಯನ್ನು ಬಂಡೆಯ ಮೇಲೆ ಊರಿ, ನನ್ನ ಕಡೆ ನೋಡಿ ನಕ್ಕ. ಹಳಬರು ಹನ್ನೊಂದು ಮಂದಿಯೂ ತಾವಾಗಿ ಎದ್ದು ಬಂದರು. ನಾನು ಅತ್ತುಬಿಟ್ಟೆ, ಸುಳ್ಳು ಏಕೆ ಹೇಳಲಿ.

ಆದರೆ ಒಂದು ಸಂಗತಿ ನಡೆದಿದೆ. ಕಳೆದ ಮಂಗಳವಾರ ಬೆಳಗಿನ ಹತ್ತರ ಸುಮಾರಿಗೆ ಆ ಹನ್ನೊಂದು ಮಂದಿ ಹಾರೆ, ಸುತ್ತಿಗೆ ಬಿಟ್ಟು ಮೇಲೆ ಬಂದರು. ಏನಾಯಿತೆಂದು ಕೇಳಿದೆ. ಪೆಟ್ಟಿಗೆ ಕರೆಯಿತು ಎಂದರು. ಪ್ರಾಯದ ಹುಡುಗರು ಯಾರೂ ಏನೂ ಕೇಳಿರಲಿಲ್ಲ, ಕೆಳಗೇ ಇದ್ದರು. ಉಸ್ತಾದರೇ, ಆ ಹೊತ್ತಿಗೆ ಬ್ಯಾಟರಿ ಕ್ವಾರಿಯಲ್ಲೇ ಇರಲಿಲ್ಲ. ಚಾರ್ಜಿಗೆಂದು ಊರಿಗೆ ಕಳಿಸಿದ್ದೆ. ಗುರುವಾರ ಮತ್ತೆ ಹಾಗೇ ಆಯಿತು. ಬ್ಯಾಟರಿ ಇಲ್ಲದ ಮಶೀನು ಮಾತಾಡುವುದುಂಟೆ?

ಜಯತೀರ್ಥ


ಬಾಗಲಕೋಟೆ
2 ಮಾರ್ಚ್ 1956

ಜಯತೀರ್ಥಾ,

ಗಾಬರಿಯಾಗಬೇಡ. ಸ್ಪೀಕರು ಎಂದರೆ ಕಾಗದದ ತೊಗಲು, ಒಂದು ಸುರುಳಿ, ಒಂದು ಅಯಸ್ಕಾಂತ. ಭೂಮಿ ಅಲುಗಿದರೆ ಅದೂ ಅಲುಗುತ್ತದೆ. ಹುನಗುಂದದ ರಸ್ತೆಯಲ್ಲಿ ಲಾರಿ ಹೋದರೂ ಬಂಡೆಯೊಳಗಿಂದ ನಡುಕ ಬರಬಹುದು. ಮೊದಲು ಮಶೀನು ಬಂದ್ ಮಾಡು, ಆಮೇಲೆ ಪೆಟ್ಟಿಗೆಯ ಎರಡೂ ವಾಯರು ಬಿಚ್ಚು, ತುದಿಗಳನ್ನು ಒಂದಕ್ಕೊಂದು ಹೊಸೆದು ಕಟ್ಟು. ಹಾಗೆ ಕಟ್ಟಿದ ಸ್ಪೀಕರಿನ ತೊಗಲು ಬಿಗಿಯಾಗುತ್ತದೆ, ಸುಲಭಕ್ಕೆ ಅಲುಗುವುದಿಲ್ಲ. ಪೆಟ್ಟಿಗೆಯ ಕೆಳಗೆ ಗೋಣಿಚೀಲ ಮಡಚಿ ಇಡು. ಆಗಲೂ ಕೇಳಿಸಿತು ಎಂದರೆ ಅದು ಅವರ ತಲೆಯೊಳಗಿನದು.

ಬರಿಯ ಗುಂಯ್ ಎಂಬ ಸಪ್ಪಳವೋ, ಅಥವಾ ಮಾತೋ? ಮಾತಾದರೆ ಏನು ಅನ್ನುತ್ತದೆ, ಕೇಳಿ ಬರೆ.

ಮೀರಾಸಾಬ


ಇಳಕಲ್
18 ಮಾರ್ಚ್ 1956

ಉಸ್ತಾದರೇ,

ನೀವು ಹೇಳಿದ್ದೆಲ್ಲ ಮಾಡಿದೆ. ವಾಯರು ಬಿಚ್ಚಿ ಹೊಸೆದು ಕಟ್ಟಿದೆ. ಗೋಣಿಚೀಲ ಇಟ್ಟೆ. ಮಶೀನನ್ನು ನನ್ನ ಖೋಲಿಗೇ ಒಯ್ದೆ. ಆಮೇಲೆ ಬೆಳಗಿನ ಬಿಸಿಲಲ್ಲಿ ಅಮಾತೆಪ್ಪನನ್ನು ಜೊತೆಗೆ ಕರೆದುಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ಕೂತೆ. ಒಂದು ತಾಸು ಏನೂ ಇಲ್ಲ. ಆಮೇಲೆ ಅಮಾತೆಪ್ಪ ತಲೆ ಎತ್ತಿದ. ನನಗೆ ಗಾಳಿಯ ಸಪ್ಪಳದ ಹೊರತು ಬೇರೆ ಕೇಳಲಿಲ್ಲ. ಆದರೆ ಸ್ಪೀಕರಿನ ಮುಂದೆ ಬಿಗಿದ ಬಟ್ಟೆ ಒಳಗೆ ಹೊರಗೆ ಆಡುತ್ತಿತ್ತು, ಮಲಗಿದವರ ಹೊಟ್ಟೆಯ ಹಾಗೆ. ಅಂಗೈ ಇಟ್ಟು ನೋಡಿದೆ. ಬಟ್ಟೆ ಬೆಚ್ಚಗಿತ್ತು. ಬಿಸಿಲಿಗೆ ಇರಬಹುದು.

ಮಾತೇ ಎಂದು ಅಮಾತೆಪ್ಪ ಒಪ್ಪಿದ. ಏನು ಮಾತು ಎಂದರೆ ಹೇಳಲೊಲ್ಲ. ಉಳಿದ ಹತ್ತು ಮಂದಿಯೂ ಹೇಳಲೊಲ್ಲರು. ಹನಮವ್ವ ಈಗ ದಿನಾಲೂ ಬಂದು ಪೆಟ್ಟಿಗೆಯ ಬಳಿ ಕೂತಿರುತ್ತಾಳೆ. ಅವಳ ಕಿವಿ ಚಲೋ ಇವೆ, ಏನೂ ಕೇಳಿಸುವುದಿಲ್ಲ. ಅವಳು ಇದ್ದಾಗ ಇವರು ಬಾಯಿಯನ್ನೇ ಬಿಡುವುದಿಲ್ಲ.

ಮೊನ್ನೆ ಬುಧವಾರ ಮತ್ತೆ ಪೆಟ್ಟಿಗೆ ಕರೆಯಿತೆಂದು ಹಳಬರು ಎದ್ದು ಬಂದರು. ಈ ಸಲ ಪ್ರಾಯದವರೂ ಹೆದರಿ ಹಿಂದೆ ಬಂದರು. ಅವರೆಲ್ಲ ಮೇಲೆ ಬಂದು ಬೀಡಿ ಹಚ್ಚುವಷ್ಟರಲ್ಲಿ ಪೂರ್ವದ ಗೋಡೆಯ ಒಂದು ಚಪ್ಪಡಿ ಜಾರಿ ಗುಂಡಿಗೆ ಬಿತ್ತು. ಮದ್ದಿಲ್ಲ, ಬತ್ತಿಯಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಮಾಲೀಕರಿಗೆ ಇದು ಹಿಡಿಸಿಲ್ಲ. ವಾರಕ್ಕೆ ಎರಡು ಸಲ ಕೆಲಸ ನಿಲ್ಲುತ್ತದೆ, ದೆವ್ವದ ಸುದ್ದಿ ಹಬ್ಬಿ ಮಂದಿ ಕೂಲಿಗೆ ಬರುವುದಿಲ್ಲ, ಏಪ್ರಿಲ್ ಐದಕ್ಕೆ ಪೆಟ್ಟಿಗೆ ಒಡೆದು ಮತ್ತೆ ಬೋಂಗಾ ಕಟ್ಟು ಎಂದು ಹೇಳಿದ್ದಾರೆ. ಬೋಂಗಾ ಕಟ್ಟಿದರೆ ಹಳಬರಿಗೆ ಕೇಳಿಸುವುದಿಲ್ಲ. ಕಿವುಡರೆಂದು ಬಾಯಿ ಬಿಟ್ಟರೆ ಹನ್ನೊಂದು ಒಲೆ ಆರುತ್ತವೆ. ಪೆಟ್ಟಿಗೆ ಇಟ್ಟುಕೊಂಡರೆ ಅದರಲ್ಲಿ ಇರುವುದು ಯಾರು ಎಂದು ನನಗೆ ತಿಳಿಯದು. ನನಗೆ ಹೆದರಿಕೆಯಾಗುತ್ತಿದೆ, ಉಸ್ತಾದರೇ. ಏನು ಮಾಡಲಿ?

ಜಯತೀರ್ಥ


ಬಾಗಲಕೋಟೆ
22 ಮಾರ್ಚ್ 1956

ಜಯತೀರ್ಥಾ,

ಪೆಟ್ಟಿಗೆ ಒಡೆಯಬೇಡ. ನಾನು ಬರುತ್ತೇನೆ.

ಬರುವ ಮೊದಲು ಒಂದು ಮಾತು ಬರೆಯಬೇಕು, ಮುಖ ನೋಡಿ ಹೇಳಲಾರೆ. ನೀನು ನನ್ನ ಅಂಗಡಿಯಲ್ಲಿದ್ದಾಗ ನಾನು ಪ್ರತಿ ಮಶೀನಿನ ಮೇಲೆ ಅಂಗೈ ಇಟ್ಟು ಪರೀಕ್ಷೆ ಮಾಡುತ್ತಿದ್ದೆ. ಉಸ್ತಾದರ ಕೈಗೇ ಕಿವಿ ಇದೆ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗಿದೆ. ಕೈಗೆ ಕಿವಿ ಇರಲಿಲ್ಲಪ್ಪ, ಕಿವಿಗೆ ಕಿವಿ ಇರಲಿಲ್ಲ. ಮೂವತ್ತು ವರ್ಷ ಬೋಂಗಾದ ಮಗ್ಗುಲಲ್ಲಿ ನಿಂತವನ ಕಿವಿ ಏನಾಗುತ್ತದೆ? ಆರು ವರ್ಷದಿಂದ ನಾನು ಕಟ್ಟಿದ ಬೋಂಗಾದ ಒಂದು ಅಕ್ಷರವೂ ನನಗೆ ತಿಳಿಯುವುದಿಲ್ಲ. ಮಂದಿಯ ತುಟಿ ನೋಡುತ್ತೇನೆ, ದಸ್ತಗೀರಬಿ ಬಳಿಗೆ ಬಂದು ದಪ್ಪ ದನಿಯಲ್ಲಿ ಹೇಳುತ್ತಾಳೆ. ಗಿರಾಕಿಗಳಿಗೆ ತಿಳಿದರೆ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ ಎಂದು ಮುಚ್ಚಿಟ್ಟೆ.

ನೀನು ಕಲ್ಲು ಒಡೆಯುವವರ ನಡುವೆ ಬೋಂಗಾ ಕಟ್ಟುತ್ತೇನೆಂದು ಬರೆದಾಗಲೇ ನನಗೆ ಗೊತ್ತಾಗಿತ್ತು. ಅಂಥ ಕಿವಿಗೆ ಬೋಂಗಾ ಕೇಳುವುದಿಲ್ಲ ಎಂದು ಬರೆಯಲು ಲೇಖನಿ ಎತ್ತಿದ್ದೆ. ಬರೆದರೆ ನಿಮಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ಬಾದಾಮಿಯ ಹೊಂಡದ ಬಡಾಯಿ ಬರೆದೆ. ಹೆಗಲು ಮುಟ್ಟುವುದು ಬೇಡ ಎಂದವನೂ ನಾನೇ. ಕಲ್ಲಪ್ಪನನ್ನು ಕೆಳಗೆ ಬಿಟ್ಟವನು ನಾನು.

ಪೆಟ್ಟಿಗೆ ಏನು ಅನ್ನುತ್ತದೆ ಎಂದು ಹಳಬರು ನಿನಗೆ ಹೇಳದಿದ್ದರೆ ಬಿಡು. ನನ್ನ ಕಿವಿಯೂ ಅವರದೇ ಜಾತಿಯದು, ನನಗೆ ಕೇಳಿಸುತ್ತದೆ. ಏಪ್ರಿಲ್ ಮೂರರ ಬಸ್ಸಿಗೆ ಬರುತ್ತೇನೆ.

ಮೀರಾಸಾಬ


ಇಳಕಲ್
8 ಏಪ್ರಿಲ್ 1956

ಉಸ್ತಾದರೇ,

ನೀವು ಹೋಗಿ ಐದು ದಿನವಾಯಿತು. ಬಸ್ ನಿಲ್ದಾಣದಲ್ಲಿ ನಿಮಗೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು ಹೊರಟಿತು. ನಿಮ್ಮ ಪತ್ರದ ಬಗ್ಗೆ ನನಗೆ ಸಿಟ್ಟು ಬಂದಿತ್ತು. ಎರಡು ದಿನ ಭಾಳ ಸಿಟ್ಟಿತ್ತು. ಈಗ ಇಲ್ಲ.

ಕೆಳಗಿದ್ದ ನಿಮಗೆ ಕಾಣದ್ದನ್ನು ಬರೆಯುತ್ತೇನೆ. ಪೆಟ್ಟಿಗೆಯ ಮೇಲೆ ಕೈಯಿಟ್ಟು ನೀವು ಕೂತದ್ದು, ಹಳಬರು ಎದ್ದು ಬಂದದ್ದು, ಅವರನ್ನು ನೋಡಿ ಪ್ರಾಯದವರೂ ಬಂದದ್ದು ನಿಮಗೆ ಗೊತ್ತು. ನೀವು ಯಾರಿಗೂ ಅಲ್ಲ ಎಂಬಂತೆ, "ಅಂವ ನಿಮ್ಮನ್ನ ಮ್ಯಾಲ ಕರೆಯೂದಿಲ್ಲ. ನಾ ಇನ್ನೂ ಕೆಳಗ ಅದೇನಿ, ಬತ್ತಿ ಹಚ್ಚಬ್ಯಾಡ್ರಿ ಅಂತಾನ" ಎಂದಿರಿ. ಅಮಾತೆಪ್ಪ ನಿಮ್ಮ ತುಟಿ ನೋಡಿ ತಲೆ ತಗ್ಗಿಸಿದ. ಹನಮವ್ವ ಅಲ್ಲೇ ಇದ್ದಳು. ಅವಳ ಮುಂದೆ ಆಡಬಾರದೆಂದು ಹನ್ನೊಂದು ಮಂದಿ ಒಂದೂವರೆ ತಿಂಗಳು ನುಂಗಿಕೊಂಡ ಮಾತು ಅದು.

ಆಮೇಲೆ ನೀವೊಬ್ಬರೇ ಗುಂಡಿಗೆ ಇಳಿದಿರಿ. ಕಲ್ಲಪ್ಪ ಕೂತಿದ್ದ ಆ ಬಂಡೆ ಇದ್ದ ಜಾಗದಲ್ಲಿ ನೀವು ನಿಂತಿರಿ, ಬಗ್ಗಿದಿರಿ, ಕೂತವನ ಹೆಗಲು ಮುಟ್ಟುವ ಹಾಗೆ ಕೈ ಇಟ್ಟಿರಿ. ಆಮೇಲೆ ಕೈಯನ್ನು ಮೆಲ್ಲಗೆ ಮೇಲೆತ್ತಿ, ನಿಂತವನ ಹೆಗಲಿನ ಎತ್ತರಕ್ಕೆ ಹಿಡಿದು ನಡೆದು ಬಂದಿರಿ. ಹಾದಿ ಸಣ್ಣದು. ಒಬ್ಬರೇ ಬರುತ್ತಿದ್ದರೂ ನೀವು ಗೋಡೆಗೆ ಒತ್ತಿಕೊಂಡು ನಡೆದಿರಿ. ಮೇಲೆ ಬಂದಾಗ ಮಂದಿ ತಾವಾಗಿ ಸರಿದು ನಿಂತರು, ಇಬ್ಬರು ಹಾಯುವಷ್ಟು. ನಾನು ಪೆಟ್ಟಿಗೆಯ ಕಡೆ ನೋಡಿದೆ. ಬಟ್ಟೆ ಆಡುವುದು ನಿಂತಿತ್ತು.

ಅಂದಿನಿಂದ ಹಳಬರಿಗೆ ಏನೂ ಕೇಳಿಸಿಲ್ಲ. ಚಪ್ಪಡಿ ಬಿದ್ದ ಜಾಗಕ್ಕೆ ಕರೆದೊಯ್ದು ತೋರಿಸಿದ ಮೇಲೆ ಮಾಲೀಕರು ಕೊನೆಗೆ ಒಪ್ಪಿದರು. ಪೆಟ್ಟಿಗೆ ಇರುತ್ತದೆ, ತಂತಿ ಮೀಟಿದ ಮೇಲೆ ನಾನೇ ಗುಂಡಿಗೆ ಇಳಿದು ಎಲ್ಲರ ಹೆಗಲು ಮುಟ್ಟಿ ಬರುತ್ತೇನೆ. ಯಾರ ಕಿವಿಯ ಮಾತೂ ಬರಲಿಲ್ಲ.

ಆದರೆ ನಿನ್ನೆ ಹನಮವ್ವ ನನ್ನ ಖೋಲಿಗೆ ಬಂದಳು. ಅಂದಿನಿಂದ ಮನೆಯ ಬಾಗಿಲು ಹಾಕಿಲ್ಲವಂತೆ. "ಮ್ಯಾಲ ಬಂದಾರಂದ್ರ ಮನಿಗೆ ಬರಬೇಕಿತ್ತಲ್ರಿ. ಎಲ್ಲಿ ಹೋದ್ರು?" ಎಂದು ಕೇಳಿದಳು. ನಾನು ಏನು ಹೇಳಲಿ?

ಜಯತೀರ್ಥ


ಬಾಗಲಕೋಟೆ
19 ಏಪ್ರಿಲ್ 1956

ಜಯತೀರ್ಥಾ,

ಹನಮವ್ವನಿಗೆ ಹೇಳು, ತಪ್ಪು ನನ್ನದು, ಇದೂ ನನ್ನದೇ.

ಬಸ್ಸು ಹುನಗುಂದ ದಾಟುವವರೆಗೂ ನನ್ನ ಮಗ್ಗುಲಿನ ಜಾಗದಲ್ಲಿ ಯಾರೂ ಕೂಡಲಿಲ್ಲ. ಮಂದಿ ನಿಂತೇ ಬಂದರು. ಒಬ್ಬ ಮುದುಕಿ ಕೂಡಲು ಬಂದವಳು, ಯಾರೋ ಇದ್ದಾರೆ ಅನ್ನುವ ಹಾಗೆ ಹಿಂದೆ ಸರಿದಳು. ಅಮೀನಗಡದ ಹತ್ತಿರ ನೋಡಿಕೊಳ್ಳುತ್ತೇನೆ, ನನ್ನ ಕೈ ಇನ್ನೂ ಮೇಲಿದೆ. ಅಲ್ಲಿಯವರೆಗೆ ಇಳಿಸಿರಲಿಲ್ಲ. ಗುಂಡಿಯಿಂದ ಎಬ್ಬಿಸಿ ತರುವುದಷ್ಟೇ ನನಗೆ ಗೊತ್ತಿತ್ತು. ಎಲ್ಲಿ ಕೈ ತೆಗೆಯಬೇಕು ಎಂದು ಯೋಚಿಸಿರಲಿಲ್ಲ.

ಅವನು ಇಲ್ಲೇ ಇದ್ದಾನೆ. ಅಂಗಡಿಯಲ್ಲಿ ನೀನು ಕೂಡುತ್ತಿದ್ದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾನೆ. ನನಗೆ ಕಾಣುವುದಿಲ್ಲ, ಆದರೆ ನೆಲಕ್ಕೆ ಅಂಗೈ ಊರಿದರೆ ಉಳಿಯ ಪೆಟ್ಟು ತಿಳಿಯುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆಯುತ್ತಾನೆ, ಊಟದ ಹೊತ್ತಿಗೆ ನಿಲ್ಲಿಸುತ್ತಾನೆ. ದಸ್ತಗೀರಬಿ ಮೊದಲು ಹೆದರಿ ತವರಿಗೆ ಹೋಗುತ್ತೇನೆಂದಳು. ಈಗ ಆ ಮೂಲೆಯಲ್ಲಿ ಕಸ ಹೊಡೆಯುವಾಗ ಸೆರಗು ಸರಿಮಾಡಿಕೊಳ್ಳುತ್ತಾಳೆ. ಕಲ್ಲಪ್ಪಾ, ಮನಿಗೆ ಹೋಗೋ ಎಂದು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಬಾಯಿಂದ ಹೇಳಿದೆ, ಬೋಂಗಾದಲ್ಲೂ ಹೇಳಿದೆ, ಓಣಿಯ ಮಂದಿ ಬಂದು ಬೈದು ಹೋದರು. ಅವನಿಗೆ ಕೇಳಿಸುವುದಿಲ್ಲ. ಸತ್ತ ಮೇಲಾದರೂ ಕಿವಿ ಬರುತ್ತವೆ ಎಂದುಕೊಂಡಿದ್ದೆ.

ಅಂಗಡಿಯ ಬಾಗಿಲಿಗೆ ಹಲಗೆ ಬರೆದು ಹಾಕಿದ್ದೇನೆ: ಮೀರಾಸಾಬನಿಗೆ ಕಿವಿ ಕೇಳುವುದಿಲ್ಲ, ಎದುರಿಗೆ ನಿಂತು ಮಾತಾಡಿರಿ. ಗಿರಾಕಿ ಕಡಿಮೆಯಾಗಿದ್ದಾರೆ. ಆಗಲಿ.

ಸೋಮವಾರದ ಬಸ್ಸಿಗೆ ಅವನನ್ನು ಕರೆದುಕೊಂಡು ಬರುತ್ತೇನೆ. ಹನಮವ್ವ ನಿಲ್ದಾಣಕ್ಕೆ ಬರಲಿ. ನನಗೆ ಅವಳ ಮನೆ ಗೊತ್ತಿಲ್ಲ, ಇನ್ನೊಮ್ಮೆ ಅವನನ್ನು ಬೇರೆ ಯಾರದೋ ಬಾಗಿಲಿಗೆ ಮುಟ್ಟಿಸಲಾರೆ. ಬಸ್ಸಿನಿಂದ ಮೊದಲು ನಾನು ಇಳಿಯುತ್ತೇನೆ, ನನ್ನ ಹಿಂದೆ ಅವನು. ಮಂದಿ ನುಗ್ಗದಂತೆ ನೀನು ಮೆಟ್ಟಿಲ ಹತ್ತಿರ ನಿಂತು ತಡೆ. ಅವಳು ಬಂದು ತನ್ನ ಕೈಯಿಟ್ಟ ಮೇಲೆಯೇ ನಾನು ನನ್ನ ಕೈ ತೆಗೆಯುತ್ತೇನೆ. ಆಮೇಲೆ ನೀವಿಬ್ಬರೂ ನಮ್ಮ ಹಿಂದೆ ಬರಬೇಡಿ ಎಂದು ಅವಳು ಹೇಳಿದರೆ, ನಾವು ಅಲ್ಲೇ ಹೋಟೆಲಿನಲ್ಲಿ ಕೂತು ಚಹಾ ಕುಡಿಯೋಣ.

ಮೀರಾಸಾಬ